ಮೈದಾನದ ಗೆರೆ ಎಳೆಯುವವರು ಯಾರು? ಆಟ, ಲಿಂಗತ್ವ, ಅಧಿಕಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ರೀಡೆಯಲ್ಲಿ ಹೆಣ್ಣು-ಗಂಡು ಭೇದದ ಕುರಿತು ವಿದ್ಯಾರ್ಥಿಗಳು, ಶಿಕ್ಷಕರು, ಕ್ಲಬ್ ಪದಾಧಿಕಾರಿಗಳು ಕಳಿಸಿದ ಪ್ರಶ್ನೆಗಳಲ್ಲಿ ಏಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಗಂಡಸರು ಹೆಂಗಸರಿಗಿಂತ ವೇಗವಾಗಿ ಓಡುತ್ತಾರೆ. ಇದು ದೇಹಕ್ಕೆ ಸಂಬಂಧಿಸಿದ ಮಾತು. ಇದರೊಳಗೆ ‘ಅಧಿಕಾರ’ ಎಂಬುದನ್ನು ಯಾಕೆ ಎಳೆದು ತರಬೇಕು?

ಅಂತರ ಇದೆ, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. 100 ಮೀಟರ್ ಓಟದಲ್ಲಿ ಪುರುಷರ ವಿಶ್ವದಾಖಲೆ 9.58 ಸೆಕೆಂಡು, ಮಹಿಳೆಯರದು 10.49. 800 ಮೀಟರಿನಲ್ಲಿ 1 ನಿಮಿಷ 40.91 ಸೆಕೆಂಡು ಮತ್ತು 1 ನಿಮಿಷ 53.28 ಸೆಕೆಂಡು. ಲೆಕ್ಕ ಹಾಕಿದರೆ ಶೇ. 9ರಿಂದ 12ರಷ್ಟು. ಪ್ರಾಯಕ್ಕೆ ಬರುವಾಗ ಗಂಡಿನಲ್ಲಿ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನ್ ಏರಿ ಸ್ನಾಯು, ಮೂಳೆ, ಹಿಮೋಗ್ಲೋಬಿನ್ ಹೆಚ್ಚುವುದು ಇದಕ್ಕೆ ಮುಖ್ಯ ಕಾರಣ. ಸಮಾಜಶಾಸ್ತ್ರ ಕೇಳುವ ಪ್ರಶ್ನೆ ಬೇರೆ: ಈ ಅಂತರವನ್ನು ಮುಂದಿಟ್ಟುಕೊಂಡು ಯಾರು ಏನೇನು ತೀರ್ಮಾನ ಮಾಡಿದರು?

1928ರ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಲೀನಾ ರಾಡ್ಕೆ ಮಹಿಳೆಯರ 800 ಮೀಟರ್ ಓಟವನ್ನು 2 ನಿಮಿಷ 16.8 ಸೆಕೆಂಡಿನಲ್ಲಿ ಗೆದ್ದರು, ಅದು ವಿಶ್ವದಾಖಲೆ. ಓಟ ಮುಗಿದ ಮೇಲೆ ಕೆಲವರು ಸುಸ್ತಾಗಿ ನೆಲಕ್ಕೆ ಒರಗಿದ್ದನ್ನು ಪತ್ರಿಕೆಗಳು ದುರಂತವೆಂಬಂತೆ ಬರೆದವು. ಸ್ಪರ್ಧೆಯನ್ನು ತೆಗೆದುಹಾಕಲಾಯಿತು. ಅದು ಮರಳಿ ಬಂದದ್ದು 1960ರ ರೋಮ್‌ನಲ್ಲಿ. ಮಹಿಳೆಯರ ಮ್ಯಾರಥಾನ್‌ಗೆ 1984ರವರೆಗೆ ಕಾಯಬೇಕಾಯಿತು. 1500 ಮೀಟರ್ ಫ್ರೀಸ್ಟೈಲ್ ಈಜು ಗಂಡಸರಿಗೆ 1908ರಿಂದಲೇ ಇತ್ತು, ಹೆಂಗಸರಿಗೆ ಸಿಕ್ಕಿದ್ದು ಟೋಕಿಯೊ ಕ್ರೀಡಾಕೂಟದಲ್ಲಿ. ಇಷ್ಟು ವರ್ಷ ಅವರನ್ನು ತಡೆದದ್ದು ಸ್ನಾಯು ಅಲ್ಲ, ಸಮಿತಿ.

ಬಲಕ್ಕೆ ಹೆಚ್ಚು ಕೆಲಸವೇ ಇಲ್ಲದ ಶೂಟಿಂಗ್ ನೋಡಿ. 1992ರ ಬಾರ್ಸಿಲೋನಾದಲ್ಲಿ ಸ್ಕೀಟ್ (ಹಾರುವ ಬಿಲ್ಲೆಗೆ ಗುಂಡು ಹೊಡೆಯುವ) ಸ್ಪರ್ಧೆ ಹೆಣ್ಣು-ಗಂಡು ಎಲ್ಲರಿಗೂ ಒಂದೇ ಆಗಿತ್ತು. ಚೀನಾದ ಜಾಂಗ್ ಶಾನ್ ಎಂಬ ಮಹಿಳೆ ಚಿನ್ನ ಗೆದ್ದರು. 1996ರ ಅಟ್ಲಾಂಟಾದಲ್ಲಿ ಸ್ಕೀಟ್ ಪುರುಷರಿಗೆ ಮಾತ್ರ ಉಳಿಯಿತು. ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆ ಬಂದದ್ದು 2000ದಲ್ಲಿ. ಗೆದ್ದವರಿಗೆ ತಮ್ಮ ಗೆಲುವನ್ನು ಉಳಿಸಿಕೊಳ್ಳುವ ಅವಕಾಶವೂ ಇರಲಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಕಥೆ ಇನ್ನೂ ನೇರ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಮಹಿಳೆಯರ ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷ ಡಿಸೆಂಬರ್ 5ರಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಅಧೀನದ ಕ್ಲಬ್‌ಗಳು ಮಹಿಳೆಯರಿಗೆ ಮೈದಾನ ಕೊಡಬಾರದೆಂದು ಆದೇಶಿಸಿತು. ನಿಷೇಧ ಸುಮಾರು 50 ವರ್ಷ ನಡೆಯಿತು. ಮಹಿಳಾ ಫುಟ್‌ಬಾಲ್‌ಗೆ ಪ್ರೇಕ್ಷಕರೇ ಇಲ್ಲ ಎನ್ನುವವರು ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಪ್ರಶ್ನೆ: ಸ್ನಾತಕೋತ್ತರ ಪ್ರಬಂಧಕ್ಕೆ ಈ ವಿಷಯ ತೆಗೆದುಕೊಂಡಿದ್ದೇನೆ. ಸಮಾಜಚಿಂತಕರಾದ ಕಾನೆಲ್, ಫೂಕೋ, ಬೋರ್ದ್ಯೂ ಮೂವರನ್ನೂ ಬಳಸಬೇಕೆಂದಿದ್ದೇನೆ. ಸರಿಯೇ?

ಬೇಡ. ಮೂವರನ್ನೂ ಮೊದಲ ಅಧ್ಯಾಯದಲ್ಲಿ ಪರಿಚಯಿಸಿ, ಆಮೇಲೆ ಒಬ್ಬರನ್ನೂ ಬಳಸದ ಪ್ರಬಂಧಗಳು ಬಹಳ. ಮೊದಲು ನಿಮ್ಮ ಪ್ರಶ್ನೆ ಯಾವ ಬಗೆಯದೆಂದು ಗುರುತಿಸಿಕೊಳ್ಳಿ.

ಒಂದು ತಂಡದೊಳಗೆ ಯಾವ ಬಗೆಯ ಗಂಡಸುತನಕ್ಕೆ ಮನ್ನಣೆ, ಯಾವುದಕ್ಕೆ ಅಪಹಾಸ್ಯ ಎಂಬುದು ನಿಮ್ಮ ವಿಷಯವಾದರೆ ರೇವಿನ್ ಕಾನೆಲ್ ಬೇಕು. ಇಟಲಿಯ ಚಿಂತಕ ಗ್ರಾಮ್ಷಿಯ ಯಾಜಮಾನ್ಯದ ವಿಚಾರವನ್ನು ಅವರು ಲಿಂಗತ್ವಕ್ಕೆ ಒಗ್ಗಿಸಿದರು. ಬಲಪ್ರಯೋಗಕ್ಕಿಂತ ಹೆಚ್ಚಾಗಿ ಒಪ್ಪಿಗೆಯಿಂದಲೇ ಒಂದು ಮಾದರಿ ಮೇಲೆ ಕೂರುತ್ತದೆ. ಆ ಮಾದರಿಯಂತೆ ಬದುಕದ ಗಂಡಸರೂ ಅದರ ಲಾಭ ಪಡೆಯುತ್ತಾರೆ. ಇಲ್ಲಿ ಆಗುವ ತಪ್ಪು: ‘ಯಾಜಮಾನ್ಯ ಪುರುಷತ್ವ’ವನ್ನು ಕೆಲವು ಒರಟು ಗಂಡಸರ ಸ್ವಭಾವದ ಪಟ್ಟಿಯಾಗಿ ಮಾಡುವುದು. ಅದು ಸಂಬಂಧದ ಹೆಸರು. 2005ರಲ್ಲಿ ಕಾನೆಲ್ ಮತ್ತು ಮೆಸ್ಸರ್‌ಶ್ಮಿಟ್ ಬರೆದ ಮರುಪರಿಶೀಲನೆಯ ಲೇಖನ ಓದದೆ ಈ ಪರಿಕಲ್ಪನೆಯನ್ನು ಮುಟ್ಟಬೇಡಿ.

ತೂಕದ ದಾಖಲೆ, ಆಹಾರದ ಡೈರಿ, ಉಡುಪಿನ ನಿಯಮ, ದೇಹ ತಪಾಸಣೆ ಇವು ನಿಮ್ಮ ಸಾಮಗ್ರಿಯಾದರೆ ಫೂಕೋ. ನೋಡುವವರು ಎದುರಿಗಿಲ್ಲದಾಗಲೂ ಆಟಗಾರ್ತಿ ತನ್ನನ್ನು ತಾನೇ ಅಳೆದುಕೊಳ್ಳತೊಡಗುವ ಹಂತವನ್ನು ನೀವು ತೋರಿಸಬೇಕು. ಬರೀ ನಿಯಮಗಳನ್ನು ಉದ್ಧರಿಸಿದರೆ ಆಗದು, ಸಂದರ್ಶನ ಬೇಕು. ಯಾವ ಮನೆಯ ಮಕ್ಕಳು ಯಾವ ಆಟಕ್ಕೆ ಬರುತ್ತಾರೆ, ಮೈಗೂಡಿದ ರೂಢಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಬೋರ್ದ್ಯೂ. ಅಲ್ಲಿ ತಂದೆತಾಯಿಯ ಉದ್ಯೋಗ, ಖರ್ಚು, ಪ್ರಯಾಣದ ಸಮಯದ ಅಂಕಿಗಳನ್ನು ನೀವೇ ಕೂಡಿಸಬೇಕು.

ನಿಮ್ಮ ಆಟಗಾರ್ತಿಯರಲ್ಲಿ ಬಣ್ಣ, ವರ್ಗ, ಜನಾಂಗದ ಭೇದ ಎದ್ದು ಕಂಡರೆ 1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಮಂಡಿಸಿದ ಚೌಕಟ್ಟನ್ನು ಬಿಡುವಂತಿಲ್ಲ. ‘ಮಹಿಳೆಯರು’ ಎಂದು ಒಟ್ಟಿಗೆ ಎಣಿಸಿದಾಗ ಎರಡು ಬಗೆಯ ತಾರತಮ್ಯ ಸೇರುವ ಜಾಗದಲ್ಲಿ ನಿಂತವಳು ಲೆಕ್ಕದಿಂದಲೇ ಕಳೆದುಹೋಗುತ್ತಾಳೆ ಎಂಬುದು ಅವರ ವಾದ.

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕಿ. 13–14 ವರ್ಷ ತುಂಬುತ್ತಲೇ ಹುಡುಗಿಯರು ಮೈದಾನದಿಂದ ದೂರ ಸರಿಯುತ್ತಾರೆ. ‘ಅವರಿಗೆ ಆಸಕ್ತಿ ಇಲ್ಲ’ ಎನ್ನುತ್ತಾರೆ ಸಹೋದ್ಯೋಗಿಗಳು. ಏನು ಮಾಡಲಿ?

ಆಸಕ್ತಿ ಇಲ್ಲ ಎಂದು ಒಪ್ಪುವ ಮುನ್ನ ಎಣಿಸಿ. ಮೈದಾನದ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಎರಡು ವಾರ ಬಿಡುವಿನ ವೇಳೆಯಲ್ಲಿ 5 ನಿಮಿಷಕ್ಕೊಮ್ಮೆ ಯಾರು ಎಲ್ಲಿದ್ದಾರೆಂದು ಚುಕ್ಕೆ ಹಾಕಿ. ಹುಡುಗಿಯರಿಗೆ ಒಂದು ಬಣ್ಣ, ಹುಡುಗರಿಗೆ ಇನ್ನೊಂದು. ನಡುವಿನ ಜಾಗ ಯಾರದು, ಅಂಚು ಯಾರದು ಎಂಬುದನ್ನು ಹಾಳೆಯೇ ತೋರಿಸುತ್ತದೆ. ಆಮೇಲೆ ಹುಡುಗ-ಹುಡುಗಿಯರು ಸೇರಿ ಆಡುವ 15 ನಿಮಿಷದ ಒಂದು ಆಟದಲ್ಲಿ ಒಬ್ಬೊಬ್ಬರಿಗೆ ಚೆಂಡು ಎಷ್ಟು ಸಲ ಸಿಕ್ಕಿತು ಎಂದು ಇಬ್ಬರಿಂದ ಎಣಿಸಿ. ಹನ್ನೊಂದು ಜನರ ತಂಡವಾದರೆ ಚೆಂಡು ಮೂರ್ನಾಲ್ಕು ಕಾಲುಗಳ ನಡುವೆಯೇ ಸುತ್ತುತ್ತದೆ, ಅಂಚಿನಲ್ಲಿ ನಿಂತವಳು ಅರ್ಧ ಗಂಟೆ ಕಾಯುತ್ತಾಳೆ. ಹಾಗೆ ಕಾದವಳಿಗೆ ಬೇಸರ ಬಂದರೆ ಅದನ್ನು ನಿರಾಸಕ್ತಿ ಎನ್ನಲಾಗದು.

ತತ್ತ್ವಚಿಂತಕಿ ಐರಿಸ್ ಮರಿಯನ್ ಯಂಗ್ 1980ರಲ್ಲಿ ಇದನ್ನೇ ವಿವರಿಸಿದರು. ಚೆಂಡು ಎಸೆಯುವಾಗ ಹುಡುಗಿಯರು ಇಡೀ ಮೈಯನ್ನು ತೊಡಗಿಸದೆ ತೋಳನ್ನಷ್ಟೇ ಬಳಸುವುದು ಅಂಗರಚನೆಯಿಂದಲ್ಲ; ಜಾಗವನ್ನು ತುಂಬಬಾರದು, ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂಬ ಎಚ್ಚರದಲ್ಲಿ ಬೆಳೆದದ್ದರಿಂದ. ‘ನನ್ನಿಂದಾಗುತ್ತದೆ’ ಎಂದು ಹೊರಟ ಮೈಯನ್ನು ‘ಆಗದು’ ಎಂಬ ಹಿಂಜರಿಕೆ ಅರ್ಧದಲ್ಲಿ ಹಿಡಿಯುತ್ತದೆ. ಕಲಿತದ್ದು ಎಂದಮೇಲೆ ಬೇರೆ ರೀತಿ ಕಲಿಸಲೂಬಹುದು.

ಎಸೆತವನ್ನೇ ಕಲಿಸಿ: ಎಸೆಯುವ ಕೈಯ ಎದುರು ಬದಿಯ ಕಾಲು ಮುಂದೆ, ಮೊದಲು ಸೊಂಟ ತಿರುಗಬೇಕು, ಅದರ ಹಿಂದೆ ಭುಜ, ಕೊನೆಗೆ ಮೊಣಕೈ ಮತ್ತು ಮಣಿಕಟ್ಟು. ಟೆನಿಸ್ ಚೆಂಡಿನಿಂದ, 10 ಮೀಟರ್ ದೂರದಿಂದ ಶುರು ಮಾಡಿ. ಗುರಿಗೆ ತಾಗಿಸು ಎನ್ನಬೇಡಿ; ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ಎಸೆ ಎನ್ನಿ. ಗುರಿ ಹಿಡಿಯಲು ಹೋದವರು ಮೈ ಬಿಗಿಹಿಡಿಯುತ್ತಾರೆ. ವಾರಕ್ಕೆ ಮೂರು ಸಲ 10 ನಿಮಿಷ ಸಾಕು, ಆದರೆ ಒಂದೂವರೆ ತಿಂಗಳು ಬಿಡಬಾರದು. ಪಂದ್ಯಗಳನ್ನು ನಾಲ್ಕು-ನಾಲ್ಕು ಜನರ ತಂಡಕ್ಕೆ ಇಳಿಸಿ, ಅಂಗಳವನ್ನು 30×20 ಮೀಟರಿಗೆ ಕುಗ್ಗಿಸಿ, 5 ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ನಾಯಕತ್ವ ಸರದಿಯಲ್ಲಿ ಬರಲಿ.

‘ಹುಡುಗಿ ಗೋಲು ಹೊಡೆದರೆ ಎರಡು ಅಂಕ’ ಎಂಬ ನಿಯಮ ಮಾತ್ರ ಬೇಡವೇ ಬೇಡ. ಅದು ಅವಳನ್ನು ಕಡಿಮೆಯವಳೆಂದು ಎಲ್ಲರೆದುರು ಸಾರುತ್ತದೆ. ಹುಡುಗರು ಅವಳನ್ನು ಗೋಲಿನ ಬಾಯಲ್ಲಿ ನಿಲ್ಲಿಸಿ ಅಂಕ ಗಳಿಸುವ ಸಾಧನ ಮಾಡಿಕೊಳ್ಳುತ್ತಾರೆ.

ಇನ್ನು ಬಟ್ಟೆ. ಬಿಳಿ ಚಡ್ಡಿ ಕಡ್ಡಾಯವಾಗಿದ್ದರೆ ಇಂದೇ ಬದಲಿಸಿ. ಉಡುಪಿನ ವಿಷಯದಲ್ಲಿ ಅತಿ ಬಿಗಿಯಾದ ವಿಂಬಲ್ಡನ್ ಕೂಡ 2023ರಿಂದ ಮಹಿಳೆಯರಿಗೆ ಗಾಢ ಬಣ್ಣದ ಒಳಚಡ್ಡಿ ತೊಡಲು ಅನುಮತಿ ಕೊಟ್ಟಿದೆ. ಮುಟ್ಟಿನ ದಿನ ಏನು ಮಾಡಬೇಕೆಂಬ ಆಯ್ಕೆ ಹುಡುಗಿಯದಾಗಲಿ, ಕಾರಣವನ್ನು ಎಲ್ಲರೆದುರು ಹೇಳಿಸಬೇಡಿ. ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಹಾಕುವ ಚಿಲಕ ಇದೆಯೇ ನೋಡಿ. ಎಷ್ಟೋ ಶಾಲೆಗಳಲ್ಲಿ ‘ನಿರಾಸಕ್ತಿ’ ಶುರುವಾಗುವುದು ಆ ಚಿಲಕದಿಂದ.

ಪ್ರಶ್ನೆ: ಟೆನಿಸ್‌ನಲ್ಲಿ ಹೆಂಗಸರು ಮೂರು ಸೆಟ್ ಆಡಿ ಐದು ಸೆಟ್ ಆಡುವವರಷ್ಟೇ ಹಣ ಪಡೆಯುವುದು ನ್ಯಾಯವೇ?

ನ್ಯಾಯವೇ. ಬಹುಮಾನವನ್ನು ಗಂಟೆಯ ಕೂಲಿಯಂತೆ ಯಾವತ್ತೂ ಲೆಕ್ಕ ಹಾಕಿಲ್ಲ. ಮೂರೇ ಸೆಟ್‌ಗಳಲ್ಲಿ ಬೇಗ ಗೆದ್ದ ಪುರುಷನ ಹಣ ಕಡಿತವಾಗುವುದಿಲ್ಲ. ಯುಎಸ್ ಓಪನ್ 1973ರಲ್ಲೇ ಸಮಾನ ಬಹುಮಾನ ಕೊಟ್ಟಿತು, ವಿಂಬಲ್ಡನ್ ಅದೇ ನಿರ್ಧಾರಕ್ಕೆ ಬಂದದ್ದು 2007ರಲ್ಲಿ. ಮೂರು ಸೆಟ್ ಎಂಬುದು ಆಟಗಾರ್ತಿಯರು ಮಾಡಿದ ನಿಯಮವೂ ಅಲ್ಲ.

ಪ್ರಶ್ನೆ: ನಮ್ಮ ವಿದ್ಯಾರ್ಥಿ ಗುಂಪು ಟಿವಿ ಕ್ರೀಡಾ ಸುದ್ದಿಯಲ್ಲಿ ಮಹಿಳೆಯರಿಗೆ ಸಿಗುವ ಜಾಗವನ್ನು ಅಳೆಯಬೇಕೆಂದಿದೆ. ವಿಧಾನ ತಿಳಿಸಿ.

ಈ ಕೆಲಸಕ್ಕೆ ಒಳ್ಳೆಯ ಮಾದರಿ ಇದೆ. ಅಮೆರಿಕದಲ್ಲಿ ಮೈಕೆಲ್ ಮೆಸ್ನರ್ ಮತ್ತು ಸಂಗಡಿಗರು 1989ರಿಂದ ಸುಮಾರು ಐದು ವರ್ಷಕ್ಕೊಮ್ಮೆ ಇದನ್ನೇ ಅಳೆದರು. 1989ರಲ್ಲಿ ಮಹಿಳಾ ಕ್ರೀಡೆಗೆ ಸಿಕ್ಕ ಸಮಯ ಸುಮಾರು ಶೇ. 5, ಮೂವತ್ತು ವರ್ಷದ ನಂತರ, 2019ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಆ ಅವಧಿಯಲ್ಲಿ ಆಡುವ ಹುಡುಗಿಯರ ಸಂಖ್ಯೆ ಗಮನಾರ್ಹವಾಗಿ ಬೆಳೆದಿತ್ತು. ಆಟ ಬೆಳೆದರೆ ಸುದ್ದಿ ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆಯನ್ನು ಈ ಒಂದು ಅಂಕಿ ಮುರಿಯುತ್ತದೆ.

ಮೊದಲು ದಿನಗಳ ಆಯ್ಕೆ. ಒಂದೇ ವಾರ ಪೂರ್ತಿ ನೋಡಬೇಡಿ. ಅದೇ ವಾರ ದೊಡ್ಡ ಪಂದ್ಯಾವಳಿ ಇದ್ದರೆ ಲೆಕ್ಕವೆಲ್ಲ ವಾಲುತ್ತದೆ. ಮೊದಲ ವಾರದ ಸೋಮವಾರ, ಎರಡನೆಯ ವಾರದ ಮಂಗಳವಾರ ಎಂದು ಏಳು ವಾರಗಳಿಂದ ಏಳು ದಿನ ಆರಿಸಿ. ಒಂದು ಸುದ್ದಿಯೇ ನಿಮ್ಮ ಎಣಿಕೆಯ ಘಟಕ, ಅದನ್ನು ಸೆಕೆಂಡಿನಲ್ಲಿ ಅಳೆಯಿರಿ. ಸುದ್ದಿಗಳ ಸಂಖ್ಯೆ ಎಣಿಸಿದರೆ ಸಾಲದು: ಹತ್ತು ಸೆಕೆಂಡಿನ ಫಲಿತಾಂಶವೂ ನಾಲ್ಕು ನಿಮಿಷದ ವರದಿಯೂ ಒಂದೊಂದೇ ಆಗಿಬಿಡುತ್ತವೆ.

ಹಾಳೆಯಲ್ಲಿ ಈ ಕಂಬಸಾಲುಗಳಿರಲಿ: ದಿನಾಂಕ, ಸುದ್ದಿ ಬಂದ ಕ್ರಮಾಂಕ, ಸೆಕೆಂಡು, ಆಟ, ಹೆಣ್ಣು/ಗಂಡು/ಎರಡೂ, ಸಂದರ್ಶನ ಇತ್ತೇ, ಮರುಪ್ರಸಾರದ ದೃಶ್ಯ ಇತ್ತೇ, ಅಂಕಿಅಂಶದ ಪಟ್ಟಿ ಇತ್ತೇ, ವ್ಯಕ್ತಿಯನ್ನು ಯಾವ ಹೆಸರಿನಿಂದ ಕರೆದರು, ಕುಟುಂಬ ಅಥವಾ ರೂಪದ ಮಾತು ಬಂತೇ. ಪಂದ್ಯಾವಳಿಯ ಹೆಸರೂ ಮುಖ್ಯ: ‘ಮಹಿಳಾ ವಿಶ್ವಕಪ್’ ಎಂದಾಗ ಇನ್ನೊಂದನ್ನು ಬರೀ ‘ವಿಶ್ವಕಪ್’ ಎಂದರೇ?

ಹೆಸರಿನ ವಿಷಯದಲ್ಲಿ ಎಚ್ಚರ. ಟೆನಿಸ್ ವಿವರಣೆಯ ಕುರಿತ ಮೆಸ್ನರ್ ತಂಡದ 1993ರ ಅಧ್ಯಯನದಲ್ಲಿ ಮಹಿಳೆಯರನ್ನು ಅರ್ಧಕ್ಕಿಂತ ಹೆಚ್ಚು ಸಲ ಬರೀ ಮೊದಲ ಹೆಸರಿನಿಂದ, ಪುರುಷರನ್ನು ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಸಲ ಹಾಗೆ ಕರೆದಿದ್ದರು. ಆದರೆ ಒಂದೇ ಹೆಸರಿರುವ ಸಮಾಜಗಳಲ್ಲಿ ಈ ಅಳತೆ ನಡೆಯದು. ಅಲ್ಲಿ ಬಹುವಚನ ಬಳಸಿದರೇ ಏಕವಚನವೇ, ಕ್ರಿಯಾಪದ ಗೌರವದ್ದೇ ಎಂದು ನೋಡಿ, ಅದೇ ವರದಿಗಾರ ಪುರುಷ ಆಟಗಾರನಿಗೆ ಬಳಸಿದ್ದರ ಜೊತೆ ಹೋಲಿಸಿ.

ಇಬ್ಬರು ಬೇರೆಬೇರೆಯಾಗಿ ಒಂದೇ 100 ಸುದ್ದಿಗಳನ್ನು ಗುರುತು ಮಾಡಲಿ. 88ರಲ್ಲಿ ಹೊಂದಿಕೆಯಾದರೆ ಸಂತೋಷಪಡಬೇಡಿ, ಅದರಲ್ಲಿ ಆಕಸ್ಮಿಕವಾಗಿ ಹೊಂದುವ ಪಾಲನ್ನು ಕಳೆಯಬೇಕು. ಆ ಪಾಲು 0.60 ಎಂದಾದರೆ (0.88 − 0.60) ÷ (1 − 0.60) = 0.70. ಇದೇ ಕೋಹೆನ್ ಕಪ್ಪಾ ಎಂಬ ಹೊಂದಿಕೆಯ ಅಳತೆ. 0.70ಕ್ಕಿಂತ ಕೆಳಗೆ ಬಂದರೆ ಸೂಚನೆಗಳನ್ನು ತಿದ್ದಿ ಮತ್ತೆ ಮಾಡಿ. ಸಾಮಾನ್ಯವಾಗಿ ಎಡವುವುದು ‘ಹೊಗಳಿಕೆಯ ಧ್ವನಿ’ಯಂಥ ಅಸ್ಪಷ್ಟ ಕಂಬಸಾಲಿನಲ್ಲಿ, ಅದರ ಬದಲು ಎಣಿಸಬಹುದಾದ ಪದಗಳ ಪಟ್ಟಿ ಕೊಡಿ. ಮಹಿಳೆಯರ ಸುದ್ದಿಗಳನ್ನಷ್ಟೇ ಕೂಡಿಸಿ ಪುರುಷರದನ್ನು ಬಿಟ್ಟರೆ ಅಧ್ಯಯನವೇ ಇಲ್ಲ, ಹೋಲಿಕೆಗೆ ಏನೂ ಉಳಿಯುವುದಿಲ್ಲ.

ಪ್ರಶ್ನೆ: ಮಹಿಳಾ ಓಟಗಾರರ ಲಿಂಗ ಪರೀಕ್ಷೆ ಮತ್ತೆ ಬಂದಿದೆಯಂತೆ. ಇದು ವಿಜ್ಞಾನವೋ ಅನ್ಯಾಯವೋ?

ಪರೀಕ್ಷೆ ಬದಲಾಗುತ್ತ ಬಂದ ಬಗೆಯನ್ನು ನೋಡಿದರೆ ಉತ್ತರ ಸಂಕೀರ್ಣ. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಕೂಟದಲ್ಲಿ ವೈದ್ಯರ ಮುಂದೆ ಬೆತ್ತಲೆ ನಿಲ್ಲಿಸಿ ನೋಡಿದರು. 1968ರ ಒಲಿಂಪಿಕ್ಸ್‌ನಿಂದ ಕೆನ್ನೆಯೊಳಗಿನ ಜೀವಕೋಶದಿಂದ ವರ್ಣತಂತು ಪರೀಕ್ಷೆ ಬಂತು. 1985ರಲ್ಲಿ ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮಾರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೊ ಅವರಲ್ಲಿ ವೈ ವರ್ಣತಂತು ಕಂಡುಬಂತು. ಅವರ ದೇಹ ಟೆಸ್ಟೊಸ್ಟೆರಾನ್‌ಗೆ ಸ್ಪಂದಿಸುತ್ತಲೇ ಇರಲಿಲ್ಲ, ಆದ್ದರಿಂದ ಲಾಭದ ಪ್ರಶ್ನೆಯೇ ಇರಲಿಲ್ಲ. ಆದರೂ ಪದಕ, ವಿದ್ಯಾರ್ಥಿವೇತನ ಕಳೆದುಕೊಂಡರು. 1988ರಲ್ಲಿ ಅರ್ಹತೆ ಮರಳಿತು. 1996ರ ಅಟ್ಲಾಂಟಾದಲ್ಲಿ 3,387 ಮಹಿಳೆಯರ ಪರೀಕ್ಷೆಯಲ್ಲಿ 8 ಜನರ ಫಲಿತಾಂಶ ಬೇರೆ ಬಂತು, ಎಲ್ಲರಿಗೂ ಆಡಲು ಬಿಟ್ಟರು. 1999ರಲ್ಲಿ ಒಲಿಂಪಿಕ್ ಸಮಿತಿ ಸಾರ್ವತ್ರಿಕ ಪರೀಕ್ಷೆ ಕೈಬಿಟ್ಟಿತು.

2009ರಲ್ಲಿ ಬರ್ಲಿನ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ 800 ಮೀಟರ್ ಗೆದ್ದು, ಅವರ ಲಿಂಗದ ಬಗ್ಗೆ ಪ್ರಶ್ನೆ ಎದ್ದ ನಂತರ ಅಳತೆಗೋಲು ಹಾರ್ಮೋನಿನತ್ತ ತಿರುಗಿತು. 2011ರಲ್ಲಿ ರಕ್ತದ ಟೆಸ್ಟೊಸ್ಟೆರಾನ್ ಮಿತಿ ಪ್ರತಿ ಲೀಟರಿಗೆ 10 ನ್ಯಾನೊಮೋಲ್; ಅದನ್ನು ಮೀರಿದವರು ಸ್ಪರ್ಧಿಸಲು ಮದ್ದಿನಿಂದ ಇಳಿಸಿಕೊಳ್ಳಬೇಕಿತ್ತು. ಭಾರತದ ದ್ಯುತಿ ಚಂದ್ ಪ್ರಶ್ನಿಸಿದಾಗ ಕ್ರೀಡಾ ನ್ಯಾಯಮಂಡಳಿ 2015ರಲ್ಲಿ ಪುರಾವೆ ಸಾಲದೆಂದು ನಿಯಮಕ್ಕೆ ತಡೆ ಕೊಟ್ಟಿತು. 2018ರ ನಿಯಮದಲ್ಲಿ ಮಿತಿ 5ಕ್ಕೆ ಇಳಿದು, 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಅನ್ವಯವಾಯಿತು, 2023ರಲ್ಲಿ 2.5ಕ್ಕೆ ಇಳಿದು ಎಲ್ಲ ಸ್ಪರ್ಧೆಗಳಿಗೂ ಹಬ್ಬಿತು. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ವೈ ವರ್ಣತಂತುವಿನ ಎಸ್‌ಆರ್‌ವೈ ವಂಶವಾಹಿಯ ಪರೀಕ್ಷೆ ಕಡ್ಡಾಯ ಮಾಡಿತು.

ನಮ್ಮ ಅಭಿಪ್ರಾಯ ಹೀಗಿದೆ. ಮಹಿಳಾ ವಿಭಾಗ ಉಳಿಯಬೇಕು. ಅದಿಲ್ಲದಿದ್ದರೆ ಮೊದಲ ಉತ್ತರದಲ್ಲಿ ಹೇಳಿದ ಅಂತರದಿಂದಾಗಿ ಫೈನಲ್‌ಗಳಲ್ಲಿ ಹೆಂಗಸರೇ ಇರುವುದಿಲ್ಲ. ವಿಭಾಗ ಎಂದಮೇಲೆ ಗೆರೆ ಬೇಕು. ಆದರೆ ಪುರುಷರ ವಿಭಾಗಕ್ಕೆ ಬರುವವರನ್ನು ಯಾರೂ ತಪಾಸಣೆ ಮಾಡಿಲ್ಲ, ಅಸಾಧಾರಣ ದೇಹ ಅಲ್ಲಿ ವರ ಎನಿಸಿಕೊಳ್ಳುತ್ತದೆ. ಹಾರ್ಮೋನ್ ನಿಯಮದಡಿ ಹೆಸರು ಹೊರಬಿದ್ದವರಲ್ಲಿ ಬಹುಪಾಲು ಆಫ್ರಿಕಾ, ಏಷ್ಯಾದ ಓಟಗಾರ್ತಿಯರು ಎಂಬುದೂ ಕಣ್ಣಿಗೆ ಹೊಡೆಯುತ್ತದೆ. ಆರೋಗ್ಯವಂತ ಹೆಣ್ಣಿಗೆ ಕಾಯಿಲೆಯಿಲ್ಲದೆ ಮದ್ದು ಕುಡಿಸುವ ನಿಯಮವನ್ನು ಗೆರೆಯ ಹೆಸರಿನಲ್ಲಿ ಸಮರ್ಥಿಸಲಾಗದು. ಗುಟ್ಟು ಕಾಯುವ ಹೊಣೆ, ಮೇಲ್ಮನವಿಯ ಹಕ್ಕು, ಆಪ್ತಸಲಹೆಯ ವೆಚ್ಚ ಇವೆಲ್ಲ ಸಂಸ್ಥೆಯ ಮೇಲಿರಬೇಕು. ಸೆಮೆನ್ಯಾ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2025ರ ಜುಲೈನಲ್ಲಿ ಎತ್ತಿ ಹಿಡಿದದ್ದು ಅಂಥ ಒಂದು ಅಂಶವನ್ನೇ: ಅವರ ವಾದವನ್ನು ನ್ಯಾಯಯುತವಾಗಿ ಆಲಿಸಲಿಲ್ಲ ಎಂಬುದನ್ನು.

ಪ್ರಶ್ನೆ: ನಮ್ಮ ಕ್ಲಬ್‌ನಲ್ಲಿ ಆಟಗಾರ್ತಿಯರು ಈಗ ಅರ್ಧಕ್ಕರ್ಧ. ಆದರೂ ಏನೂ ಬದಲಾಗಿಲ್ಲ ಎಂದು ಅವರು ದೂರುತ್ತಾರೆ. ಆಡಳಿತ ಸಮಿತಿ ಎಲ್ಲಿಂದ ಶುರು ಮಾಡಬೇಕು?

ಆಡುವವರ ಸಂಖ್ಯೆ ಮತ್ತು ತೀರ್ಮಾನಿಸುವವರ ಸಂಖ್ಯೆ ಒಂದರ ಹಿಂದೆ ಒಂದು ಬರುವುದಿಲ್ಲ. ಅಮೆರಿಕದಲ್ಲಿ 1972ರಲ್ಲಿ ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸುವ ‘ಟೈಟಲ್ ನೈನ್’ ಕಾನೂನು ಬಂದಾಗ ಕಾಲೇಜುಗಳ ಮಹಿಳಾ ತಂಡಗಳ ತರಬೇತುದಾರರಲ್ಲಿ ಶೇ. 90ಕ್ಕಿಂತ ಹೆಚ್ಚು ಮಹಿಳೆಯರೇ ಇದ್ದರು. ಕಾನೂನಿನಿಂದ ಹಣ ಬಂತು, ಸಂಬಳ ಬಂತು. ಆ ಕುರ್ಚಿಗಳಿಗೆ ಗಂಡಸರು ಬಂದರು. 2014ರ ಹೊತ್ತಿಗೆ ಮಹಿಳೆಯರ ಪಾಲು ಸುಮಾರು ಶೇ. 43. ಟೋಕಿಯೊ ಒಲಿಂಪಿಕ್ಸ್‌ನ ತರಬೇತುದಾರರಲ್ಲಿ ಮಹಿಳೆಯರು ಸುಮಾರು ಶೇ. 13.

ಆದ್ದರಿಂದ ಕುರ್ಚಿಗಳನ್ನಲ್ಲ, ತೀರ್ಮಾನಗಳನ್ನು ಪಟ್ಟಿ ಮಾಡಿ. ತಂಡದ ಆಯ್ಕೆ, ಹಣ ಹಂಚಿಕೆ, ಮೈದಾನದ ವೇಳಾಪಟ್ಟಿ, ತರಬೇತುದಾರರ ನೇಮಕ, ದೂರಿನ ವಿಚಾರಣೆ: ಕಳೆದ 12 ತಿಂಗಳಲ್ಲಿ ಇವಕ್ಕೆ ಯಾರು ಸಹಿ ಹಾಕಿದರು ಎಂದು ಕಡತ ತೆಗೆದು ಬರೆಯಿರಿ. ವೇಳಾಪಟ್ಟಿಯಲ್ಲಿ ಸಂಜೆಯ ಒಳ್ಳೆಯ ಹೊತ್ತು ಯಾರದು, ದೀಪ ಆರಿಸುವ ಹೊತ್ತಿನ ಕೊನೆಯ ಸರದಿ ಯಾರದು ಎಂಬುದನ್ನು ಪ್ರತ್ಯೇಕವಾಗಿ ಗುರುತಿಸಿ. ಇದೊಂದನ್ನು ಸರದಿಗೆ ತಂದರೂ ಮೊದಲ ತಿಂಗಳಲ್ಲೇ ವ್ಯತ್ಯಾಸ ಕಾಣುತ್ತದೆ.

ಸಮಿತಿಗೆ ಒಬ್ಬಳೇ ಒಬ್ಬ ಮಹಿಳೆಯನ್ನು ಸೇರಿಸಿ ಕೈ ತೊಳೆದುಕೊಳ್ಳಬೇಡಿ. ಒಂದು ಗುಂಪಿನ ಪಾಲು ಶೇ. 15ರ ಒಳಗಿದ್ದರೆ ಅವರು ಹೆಸರಿಗೆ ಪ್ರತಿನಿಧಿಗಳಾಗಿಯೇ ಉಳಿಯುತ್ತಾರೆ, ಪ್ರತಿ ಮಾತೂ ‘ಹೆಂಗಸರ ಮಾತು’ ಆಗುತ್ತದೆ ಎಂದು ಸಮಾಜಶಾಸ್ತ್ರಜ್ಞೆ ರೊಸಾಬೆತ್ ಮಾಸ್ ಕ್ಯಾಂಟರ್ 1977ರಲ್ಲಿ ತೋರಿಸಿದರು. ಮೂರನೇ ಒಂದು ಪಾಲಿಗಿಂತ ಕಡಿಮೆ ಬೇಡ, ಹಣಕಾಸು ಮತ್ತು ಆಯ್ಕೆ ಉಪಸಮಿತಿಗಳಲ್ಲಿ ಕನಿಷ್ಠ ಇಬ್ಬರಿರಲಿ. ಸಾಂಸ್ಕೃತಿಕ ಕಾರ್ಯಕ್ರಮ, ಅತಿಥಿ ಸತ್ಕಾರದ ಸಮಿತಿಗಳಿಗಷ್ಟೇ ಮಹಿಳೆಯರನ್ನು ಹಾಕಿ ಪಾಲು ತುಂಬಿಸುವುದು ಸಾಮಾನ್ಯ ಲೋಪ. ಆಯ್ಕೆಯ ಮಾನದಂಡವನ್ನು 30 ದಿನ ಮೊದಲೇ ಬರೆದು ಫಲಕಕ್ಕೆ ಹಚ್ಚಿ.

ದೂರಿನ ದಾರಿ ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ಗೆ ಹುಡುಗಿಯರ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 2018ರ ಜನವರಿಯಲ್ಲಿ 40ರಿಂದ 175 ವರ್ಷಗಳ ಶಿಕ್ಷೆಯಾಯಿತು. ಹುಡುಗಿಯರು 1990ರ ದಶಕದಲ್ಲೇ ದೊಡ್ಡವರ ಬಳಿ ಹೇಳಿಕೊಂಡಿದ್ದರೆಂಬುದು ಆಮೇಲೆ ಹೊರಬಂತು. ಹೇಳಿಕೊಂಡದ್ದು ಯಾರ ಬಳಿ? ತಂಡದಲ್ಲಿ ಉಳಿಸುವ, ಬಿಡಿಸುವ ಅಧಿಕಾರ ಇದ್ದವರ ಬಳಿ. ನಿಮ್ಮ ಕ್ಲಬ್‌ನಲ್ಲಿ ದೂರು ಸ್ವೀಕರಿಸುವವರು ತರಬೇತುದಾರರೂ ಆಯ್ಕೆದಾರರೂ ಆಗಿರಬಾರದು, ಇಬ್ಬರಿರಬೇಕು, ಅವರಲ್ಲಿ ಒಬ್ಬರು ಕ್ಲಬ್‌ನ ಹೊರಗಿನವರಾಗಿರಬೇಕು. ಅವರ ಹೆಸರು, ಫೋನ್ ನಂಬರ್ ಬಟ್ಟೆ ಬದಲಿಸುವ ಕೋಣೆಯ ಒಳಗೋಡೆಯ ಮೇಲಿರಲಿ. ಕಚೇರಿಯ ಬಾಗಿಲಿಗೆ ಹಚ್ಚಿದರೆ ಅದನ್ನು ಬರೆದುಕೊಳ್ಳಲು ನಿಂತ ಹುಡುಗಿ ಎಲ್ಲರ ಕಣ್ಣಿಗೆ ಬೀಳುತ್ತಾಳೆ.